ಮೊದಲು ಮುಗಿಸಪ್ಪ

ಏನಪ್ಪಾ, ಸೆಕೆಂಡ್ ಶಿಫ್ಟು ಮುಗಿಸಿ ಬಂದ ಮೇಲೂ ನಿನ್ನ ರೂಮಲ್ಲಿ ಲೈಟು ಆರೋದೇ ಇಲ್ಲ ಅಂತ ನಿಮ್ಮಮ್ಮ ನುಗ್ಗೆಸೊಪ್ಪು ಇಸ್ಕೊಳ್ಳೋಕೆ ಬಂದಾಗ ಗೊಣಗ್ತಿದ್ದಳು. ಹುಡುಗಿ ವಿಷಯ ಇರಬೇಕು ಅಂದುಕೊಂಡೆ. ಕತೆ ಬರೀತಿದ್ದೀಯಂತೆ! ಬಾ ಈ ಕಡೆ, ಕಾಂಪೌಂಡಿಗೆ ಒರಗಿಕೊಂಡೇ ಹೇಳು, ಎಲ್ಲಿಗೆ ಬಂತು?

ಮೊದಲನೇ ಪುಟಾನಾ? ಯುಗಾದಿಯಿಂದ ಅದನ್ನೇ ತಿದ್ದುತಿದ್ದೀಯಾ? ಆಯುಧಪೂಜೆ ಬಂತಲ್ಲೋ! ಇಡೀ ಕತೆ ಕಣ್ಣಮುಂದೆ ಇಲ್ಲದೆ ಮೊದಲ ಪುಟ ಸರಿಯೋ ತಪ್ಪೋ ಅಂತ ಯಾರು ಹೇಳೋಕಾಗುತ್ತೆ? ಕೆಟ್ಟದಾಗಿಯಾದರೂ ಸರಿ, ಕೊನೇವರೆಗೆ ಬರೆದುಬಿಡು. ಆಮೇಲೆ ನೋಡು, ಮುಕ್ಕಾಲು ಪಾಲು ಆ ಮೊದಲ ಪುಟವೇ ಬೇಡವಾಗಿರುತ್ತೆ. ಮಕ್ಕಳ ಪ್ರಬಂಧ ತಿದ್ದಿ ತಿದ್ದಿ ಕಣ್ಣು ಕಳಕೊಂಡವಳು ನಾನು. ಸೂರ್ಯ ಹುಟ್ಟಿ, ಹಕ್ಕಿ ಕೂಗಿ, ತಂಗಾಳಿ ಬೀಸಿ, ವಿಷಯ ಏಳೋದು ಮೂರನೇ ಪ್ಯಾರಾದಲ್ಲಿ.

ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾಯಕನ ಹೆಸರು ಆರ್ಯನ್ನು, ನಾಯಕಿ ಜಯನಗರದ ಕಾಫಿ ಶಾಪಲ್ಲಿ ಕಾಯ್ತಿರ್ತಾಳೆ ಅಂದೆಯಲ್ಲ, ಆ ಶಾಪೊಳಗೆ ನೀನು ಯಾವಾಗ ಕೂತಿದ್ದೆ? ಮಳೆ ಬಂತು ಅಂತ ಒಂದ್ಸಲ ಬಾಗಿಲಲ್ಲಿ ನಿಂತಿದ್ದೆಯಾ? ಹಾಗಾದ್ರೆ ಬಾಗಿಲಲ್ಲಿ ನಿಂತವನ ಕತೆ ಬರಿ, ಅದು ನಿನ್ನದು.

ಮಾಸ್ತಿ ಹೆಸರು ಕೇಳಿದ್ದೀಯಾ? ಬಾಗಲೂರು ದಾಟಿ ಹೋದರೆ ಮಾಲೂರು. ಆ ತಾಲೂಕಿನ ಹುಂಗೇನಹಳ್ಳೀಲಿ 1891ರಲ್ಲಿ ಹುಟ್ಟಿದೋರು. ನಮ್ಮ ಹೊಸೂರಿಗೆ ನೆರೆಯವರೇ ಅನ್ನು. ಮನೆಮಾತು ತಮಿಳು, ಹೊಟ್ಟೆಪಾಡಿಗೆ ಸರ್ಕಾರಿ ಕೆಲಸ. 1920ರಲ್ಲಿ ಮೊದಲ ಕಥಾಸಂಕಲನ ಬಂತು, ‘ಕೆಲವು ಸಣ್ಣ ಕತೆಗಳು’. ಹೆಸರಲ್ಲೂ ಜಂಬ ಇಲ್ಲ ನೋಡು. ಅವರ ‘ರಂಗನ ಮದುವೆ’ ಓದು. ಕತೆ ಹೇಳೋನು ಶುರುಮಾಡೋದೇ ನಮ್ಮ ಹೊಸಹಳ್ಳಿ ಯಾವ ನಕ್ಷೆಯಲ್ಲೂ ಇಲ್ಲ ಅನ್ನೋ ತಕರಾರಿನಿಂದ. ರಂಗ ಬೆಂಗಳೂರಲ್ಲಿ ಓದಿ ವಾಪಸ್ ಬಂದರೆ ಊರಿಗೂರೇ ಅವನನ್ನ ನೋಡೋಕೆ ಓಡುತ್ತೆ, ಜನಿವಾರ ಇನ್ನೂ ಇದೆಯಾ ಅಂತ ಪರೀಕ್ಷೆ ಆಗುತ್ತೆ. ಈಗ ನೀವೆಲ್ಲ ಬೆಳಿಗ್ಗೆ ಅತ್ತಿಬೆಲೆ ದಾಟಿ ಸಾಯಂಕಾಲ ವಾಪಸ್ ಬರೋರು, ಯಾರೂ ನೋಡೋಕೆ ಓಡಲ್ಲ. ಓಡದೇ ಇರೋದೂ ಒಂದು ಕತೆ ಅಲ್ಲವೇನೋ?

ಏನಂದೆ? ನಮ್ಮ ಕನ್ನಡ ಶುದ್ಧ ಇಲ್ಲ ಅಂತಾನಾ? ಅಯ್ಯೋ, ಇದೊಂದು ದೊಡ್ಡ ರೋಗ ನಮ್ಮ ಕಡೆಯೋರಿಗೆ. ಹಾಲಿನವನ ಹತ್ತಿರ ತೆಲುಗು, ರೇಷನ್ ಅಂಗಡೀಲಿ ತಮಿಳು, ಗ್ಯಾರೇಜಲ್ಲಿ ಉರ್ದು, ಮನೇಲಿ ಕನ್ನಡ. ನಿಮ್ಮಮ್ಮ ನಿನ್ನನ್ನ ಬೈಯೋವಾಗ ನಾಲ್ಕೂ. ಇಂಥ ಕಿವಿ ಬೆಂಗಳೂರಿನ ಕತೆಗಾರರಿಗೆ ದುಡ್ಡು ಕೊಟ್ಟರೂ ಸಿಗಲ್ಲ. ದೇವನೂರ ಮಹಾದೇವ ‘ಕುಸುಮಬಾಲೆ’ಯನ್ನ ನಂಜನಗೂಡು ಕಡೆಯ ಆಡುಮಾತಲ್ಲೇ ಬರೆದರು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಾಗಂತ ಎಲ್ಲಾ ಸಾಲಿಗೂ ಹೊಸೂರು ಒಗ್ಗರಣೆ ಹಾಕಬೇಡ. ಪಾತ್ರಗಳು ನಮ್ಮ ಬೀದಿ ಮಾತು ಆಡಲಿ, ಕತೆ ಹೇಳೋ ದನಿ ಸರಳವಾಗಿರಲಿ.

ಅಕ್ಷರದಲ್ಲಿ ತಡವರಿಸೋದು ಬೇರೆ ವಿಷಯ, ಅದು ನಿನ್ನ ತಪ್ಪಲ್ಲ. ಶಾಲೇಲಿ ತಮಿಳು ಕಡ್ಡಾಯ ಮಾಡಿದ ತಮಿಳುನಾಡಿನ ತಮಿಳು ಕಲಿಕೆ ಕಾಯ್ದೆ ಬಂದ 2006ರಲ್ಲೇ ನೀನು ಒಂದನೇ ಕ್ಲಾಸಿಗೆ ಸೇರಿದವನು. ಕನ್ನಡ ಸಾಹಿತ್ಯ ಪರಿಷತ್ತಿನ ಪರೀಕ್ಷೆಗಳಿವೆ, ಪ್ರವೇಶ, ಕಾವ, ಜಾಣ, ರತ್ನ ಅಂತ. ಅದಕ್ಕೆ ಓದಿದರೆ ಒತ್ತಕ್ಷರ ದಾರಿಗೆ ಬರುತ್ತೆ. ಫೋನಿಗೆ ಮಾತಾಡಿ ಬರೆಸ್ತೀನಿ ಅಂದೆಯಲ್ಲ, ಬರೆಸು. ಆದರೆ ನಮ್ಮ ಮಾತು ಕೇಳಿ ಅದು ಏನೇನು ಬರ್ಕೊಳ್ಳುತ್ತೆ ಅಂತ ಒಂದ್ಸಲ ಓದಿ ನೋಡು.

ನಮ್ಮ ಕಾಡಿನ ಕತೇನೂ ಬೇರೆಯವರೇ ಬರೆದರು. ಕೆನೆತ್ ಆಂಡರ್ಸನ್ 1954ರ ಮೊದಲ ಪುಸ್ತಕದಲ್ಲೇ ಜವಳಗಿರಿ ನರಭಕ್ಷಕನನ್ನ ತಂದ. ಆಂಡರ್ಸನ್ ಕತೆಗಳನ್ನ ತೇಜಸ್ವಿ ಕನ್ನಡಕ್ಕೆ ತಂದರು. ಈಗಲೂ ವರ್ಷ ವರ್ಷ ತಳಿ, ಸಾನಮಾವು ಕಡೆ ರಾಗಿ ಹೊಲಕ್ಕೆ ಆನೆ ಇಳೀತಾವೆ, ರಾತ್ರಿಯೆಲ್ಲ ಪಟಾಕಿ ಹಿಡ್ಕೊಂಡು ಕಾಯೋರು ನಿನ್ನ ಚಿಕ್ಕಪ್ಪನಂಥೋರು. ಅವರ ಕತೆ ಬರಿ, ಇಲ್ಲಾಂದ್ರೆ ನಿಮ್ಮಜ್ಜಿದೇ ಬರಿಯಪ್ಪ. ಇದ್ದ ಮನೆಯಿಂದ ಕದಲದೆ ಸೇಲಂ ಜಿಲ್ಲೆಯವಳಾಗಿದ್ದೋಳು 1965ರಲ್ಲಿ ಧರ್ಮಪುರಿಯವಳಾದಳು, 2004ರಲ್ಲಿ ಕೃಷ್ಣಗಿರಿಯವಳಾದಳು. ಪಿಂಚಣಿ ಅರ್ಜಿಯಲ್ಲಿ ವಿಳಾಸ ಬರೆಯೋ ಹುಡುಗನಿಗೂ ಅವಳಿಗೂ ನಡೆಯೋ ಜಗಳ ಒಂದಿದ್ದರೆ ನಾಲ್ಕು ಪುಟ ತಾನಾಗೇ ಓಡುತ್ತೆ. ಅಲ್ಲಿ ಅವಳು ಪಾಪದ ಅಜ್ಜಿ ಅಂತ ನೀನು ಹೇಳಬೇಡ. ಅವಳು ಏನು ಬೇಕು ಅಂತ ಬಂದಿದ್ದಾಳೆ, ಅವನು ಯಾಕೆ ಕೊಡಲ್ಲ, ಅಷ್ಟು ಗೊತ್ತಿರಲಿ ಸಾಕು.

ಬರೆದಾದ ಮೇಲೆ ಗಟ್ಟಿಯಾಗಿ ಓದು. ನಾಲಿಗೆ ಎಡವಿದ ಕಡೆ ಸಾಲು ಕೆಟ್ಟಿರುತ್ತೆ. ಆಮೇಲೆ ಒಂದಷ್ಟು ದಿನ ಬೀರುವಲ್ಲಿಟ್ಟು, ಮರೆತು, ತೆಗೆದು ತಿದ್ದು. ಮಯೂರ, ಸುಧಾ, ತರಂಗ ಇವೆ, ಪ್ರಜಾವಾಣಿ ದೀಪಾವಳಿ ಸ್ಪರ್ಧೆ ಇದೆ. ಪದಮಿತಿ ಎಷ್ಟು ಅಂತ ನೋಡಿ ಕಳಿಸು, ಒಂದೇ ಕತೆ ಎರಡು ಕಡೆಗೆ ಒಟ್ಟಿಗೆ ಕಳಿಸಬೇಡ. ಉತ್ತರ ಬರಲಿಲ್ಲ ಅಂತ ಗೇಟಿನ ಹತ್ತಿರ ನಿಲ್ಲಬೇಡ, ಮುಂದಿನದು ಶುರುಮಾಡು. ದುಡ್ಡು ಕೊಟ್ಟರೆ ಪುಸ್ತಕ ಮಾಡಿಕೊಡ್ತೀವಿ ಅನ್ನೋರು ಬರ್ತಾರೆ. ಮಂಚದ ಕೆಳಗೆ ಕಟ್ಟು ಸೇರಿಸೋ ಆಸೆ ಇದ್ದರೆ ಮಾತ್ರ ಒಪ್ಪಿಕೋ. ಹತ್ತು ಹನ್ನೆರಡು ಕತೆ ಆದಾಗ ಛಂದ ಪುಸ್ತಕದೋರು ಮೊದಲ ಸಂಕಲನದ ಹಸ್ತಪ್ರತಿಗೆ ಕೊಡೋ ಬಹುಮಾನಕ್ಕೆ ಕಳಿಸು.

ಅವಸರ ಯಾಕೆ? ಹಾಸನದ ಬಾನು ಮುಷ್ತಾಕ್ ವಕೀಲಿಕೆ ಮಾಡ್ತಾ ಮೂವತ್ತು ವರ್ಷ ಬರೆದ ಕತೆಗಳಿಂದ ಹನ್ನೆರಡನ್ನ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು, 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು. ಅವರ ಮನೆಮಾತೂ ಕನ್ನಡ ಅಲ್ಲ. ಬರೆಯೋವಾಗ ಬೂಕರ್ ನೆನೆಸ್ಕೊಂಡು ಕೂತಿದ್ದರೆ ಒಂದು ಕತೇನೂ ಮುಗೀತಿರಲಿಲ್ಲ.

ಭಾನುವಾರ ರಜಾ ತಾನೆ? ಅಜ್ಜಿ ಕತೆ ಕೊನೇವರೆಗೆ ಬರ್ಕೊಂಡು ಬಾ, ಇಲ್ಲೇ ಓದು. ನಿಮ್ಮಮ್ಮನಿಗೆ ಮಾತ್ರ ಈಗಲೇ ತೋರಿಸಬೇಡ. ಅಜ್ಜಿ ಪಕ್ಕ ಒಬ್ಬಳು ಸೊಸೆ ಬಂದೇ ಬರ್ತಾಳಲ್ಲ, ಆಮೇಲೆ ನುಗ್ಗೆಸೊಪ್ಪು ಇಸ್ಕೊಳ್ಳೋಕೆ ಬಂದು ನನ್ನ ಜೊತೆ ಜಗಳ ಆಡ್ತಾಳೆ.