ಕದ್ರಾ ಶ್ವಾನಜಠರದ ಆವರ್ತಕ ಚಲನಶೀಲತೆ: ಒಂದು ಬಹುಶಿಸ್ತೀಯ ಮರುಚಿಂತನೆ

ಪ್ರಸ್ತುತ ಪ್ರಬಂಧವು ಕಾಳಿ ನದಿ ಕಣಿವೆಯ ಕದ್ರಾ ಅಣೆಕಟ್ಟು ಪರಿಸರದ ಬೀದಿನಾಯಿಯ ಹೊಟ್ಟೆಯನ್ನು ಪಠ್ಯವಾಗಿ ಓದುವ ವಿನಮ್ರ ಪ್ರಯತ್ನ. 'ಹಸಿವು' ಎಂದರೆ ಎಲ್ಲರಿಗೂ ಅರ್ಥವಾಗಿಬಿಡುವ ಅಪಾಯವಿರುವುದರಿಂದ, ಇಲ್ಲಿ 'ಆಹಾರಪೂರ್ವ ಜಠರೀಯ ನಿರೀಕ್ಷಾಸ್ಥಿತಿ' ಎಂಬ ಪರಿಕಲ್ಪನೆಯನ್ನು ಬಳಸಲಾಗಿದೆ.

ಪೂರ್ವಸೂರಿಗಳ ಋಣ ಸಂದಾಯ ಮಾಡಬೇಕು. ಶರೀರಶಾಸ್ತ್ರಜ್ಞ ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಜನ ನೆನಪಿಟ್ಟುಕೊಂಡದ್ದು ನಾಯಿಯ ಜೊಲ್ಲು ಸುರಿಸಿದ ಗಂಟೆಯನ್ನು. ನಾಯಿಯ ಖಾಲಿ ಹೊಟ್ಟೆ ಸುಮ್ಮನಿರುವುದಿಲ್ಲವೆಂದು ಅವನ ಶಿಷ್ಯ ಬೋಲ್ಡಿರೆಫ್ ಕಂಡುಕೊಂಡ. ಸುಮಾರು ಒಂದೂವರೆ-ಎರಡು ಗಂಟೆಗೊಮ್ಮೆ ಬಲವಾದ ಅಲೆಯೊಂದು ಹೊಟ್ಟೆಯಿಂದ ಹೊರಟು, ಅಳಿದುಳಿದದ್ದನ್ನೆಲ್ಲ ಗುಡಿಸುತ್ತ ಕರುಳಿನುದ್ದಕ್ಕೂ ಸಾಗುತ್ತದೆ. ಊಟ ಬಿದ್ದರೆ ಅಲೆ ನಿಂತು ಅರೆಯುವ ಕೆಲಸ ಶುರು. ವಿಚಾರಸಂಕಿರಣದ ವಿದ್ವಾಂಸರಲ್ಲೂ ಇದೇ ಲಯ ಕಾಣುತ್ತದೆ. ಅವರಲ್ಲಿ ಮಾತ್ರ ಹನ್ನೊಂದರ ಚಹಾ ಮತ್ತು ಒಂದರ ಊಟಕ್ಕೆ ಅದು ನಿಖರ.

ಕ್ಷೇತ್ರಕಾರ್ಯದಿಂದ ಲಭಿಸಿದ ವರ್ಗೀಕರಣ ಇಂತಿದೆ. ಮೊದಲನೆಯದು ಬಸ್‌ನಿಲ್ದಾಣ-ಕೇಂದ್ರಿತ ಶ್ವಾನ: ಬನ್ನಿನ ಚೂರು ಇದರ ಆಧಾರ. ಎರಡನೆಯದು ಮತ್ಸ್ಯಾವಲಂಬಿ ಶ್ವಾನ. ಮೀನು ಮಾರುವ ಹೆಂಗಸು ಮೆಟ್ಟುಗತ್ತಿಯ ಮುಂದೆ ಕೂತು ಬಂಗಡೆಯ ತಲೆ ಕತ್ತರಿಸಿ ತಿರುಗಿ ನೋಡದೆ ಹಿಂದಕ್ಕೆ ಎಸೆಯುತ್ತಾಳೆ. ಅದು ನೆಲ ಮುಟ್ಟುವುದಿಲ್ಲ. ಜೂನ್-ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಈ ವರ್ಗದ ನಿರೀಕ್ಷಾಸ್ಥಿತಿ ದೀರ್ಘವಾಗುತ್ತದೆ. ಮೂರನೆಯದು ಕಾಲೊನಿ ಶ್ವಾನ, ಅದರಲ್ಲಿ ಎರಡು ಉಪವರ್ಗ, ಒಂದೊಂದಕ್ಕೂ... ಬಿಡಿ. ಸಂಜೆಯಾದರೆ ಎಲ್ಲವೂ ಒಂದೇ ಮೋರಿಯ ಹತ್ತಿರ ಜಗಳಾಡುತ್ತವೆ.

ಇನ್ನುಳಿದದ್ದು ಶ್ರಾವ್ಯ ಪ್ರಚೋದಕ. ಪಾವ್ಲೋವನ ನಾಯಿಗೆ ಗಂಟೆ, ಕದ್ರಾ ನಾಯಿಗೆ ಗೇಟು ತೆರೆಯುವ ಮುನ್ನ ಕೂಗುವ ಅಣೆಕಟ್ಟಿನ ಸೈರನ್. ಗಂಟೆಗೆ ಜೊಲ್ಲು ಸುರಿಯುತ್ತದೆ. ಸೈರನ್ನಿಗೆ ಏನು ಸುರಿಯುತ್ತದೆ ಎಂಬುದನ್ನು ಯಾವ ಪ್ರಬಂಧವೂ ಚರ್ಚಿಸಿಲ್ಲ.

2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ, ಮಳೆ ಹುಚ್ಚೆದ್ದು ಗೇಟುಗಳು ತೆರೆದಾಗ ಕೆಳದಂಡೆಯ ಮನೆಗಳಿಗೆ ಕಾಳಿ ನುಗ್ಗಿತು. ಜಲಾಶಯದ ಗರಿಷ್ಠ ಮಟ್ಟ 34.50 ಮೀಟರ್ ಎಂದು ಎಲ್ಲ ವರದಿಗಳೂ ದಶಮಾಂಶ ಸಮೇತ ಹೇಳುತ್ತವೆ. ಅಂಗಳದಲ್ಲಿ ಕಟ್ಟಿದ ನಾಯಿಯ ಕುತ್ತಿಗೆ ಎಷ್ಟು ಎತ್ತರದಲ್ಲಿರುತ್ತದೆ, ಅದನ್ನು ಬರೆದವರು ಯಾರು? ಮನೆಯಲ್ಲಿ ಮೊಣಕಾಲುದ್ದ ನೀರು ಕಂಡವರನ್ನು 'ಬಾಧಿತ ಭಾಗೀದಾರರು' ಎನ್ನುವ ಭಾಷಣವನ್ನು ನಾನು ಕೂತು ಕೇಳಿದ್ದೇನೆ. ಮುಂದಿನ ಸಾಲಿನವರು ತಲೆದೂಗಿದರು, ಟಿಪ್ಪಣಿ ಬರೆದುಕೊಂಡರು, ಮೀನಿನೂಟಕ್ಕೆ ಎದ್ದರು. ಕಾಳಜಿ ಕೇಂದ್ರದ ಪಟ್ಟಿಯಲ್ಲಿ ನಾಯಿಗೆ ಕಾಲಂ ಇರುವುದಿಲ್ಲ. ಮಕ್ಕಳು ನಾಯಿಯ ಬಗ್ಗೆಯೇ ಕೇಳುತ್ತಿರುತ್ತಾರೆ.

ಆದ್ದರಿಂದ ಈ ಪ್ರಬಂಧಕ್ಕೆ ಉಪಸಂಹಾರವಿಲ್ಲ, ಒಂದು ಕೋರಿಕೆ ಇದೆ. ಗೇಟು ಎತ್ತುವ ಸುದ್ದಿಯನ್ನು ಬೆಳಕಿರುವಾಗಲೇ, ಕನ್ನಡದಲ್ಲೂ ಕೊಂಕಣಿಯಲ್ಲೂ, ಮನೆಮನೆಗೆ ಮುಟ್ಟಿಸಿ. ದನ-ನಾಯಿಗಳ ಹಗ್ಗ ಬಿಚ್ಚುವಷ್ಟು ಹೊತ್ತು ಕೊಡಿ.