ಖಾಯಂ ವಿಳಾಸ

ಬೆಳಗಾವಿಯ ಬ್ಯಾಂಕೊಂದರಲ್ಲಿ ಕೆವೈಸಿ ಮಾಡಿಸಲು ಹೋಗಿದ್ದೆ. ಕೌಂಟರಿನ ಹುಡುಗಿ ಒಂದು ಅರ್ಜಿ ಕೊಟ್ಟಳು. ಹೆಸರು, ಹುಟ್ಟಿದ ತಾರೀಖು ಸಲೀಸಾಗಿ ತುಂಬಿದೆ. ಮುಂದೆ ಎರಡು ಖಾನೆ: ಹಾಲಿ ವಿಳಾಸ, ಖಾಯಂ ವಿಳಾಸ. ಪೆನ್ನು ಅಲ್ಲೇ ನಿಂತಿತು.

"ಸರ್, ರಾತ್ರಿ ಎಲ್ಲಿ ಮಲಗ್ತೀರಿ ಅದನ್ನ ಬರೀರಿ."

"ಸೋಮವಾರದಿಂದ ಗುರುವಾರದ ತನಕ ಪಣಜಿ. ಶುಕ್ರವಾರ ಬೆಳಗಾವಿ. ಶನಿವಾರ ಖಾನಾಪುರ."

"ರವಿವಾರ?"

"ರವಿವಾರ ನಿದ್ದಿ ಬರೂದಿಲ್ಲ. ಸೋಮವಾರ ನಸುಕಿನ್ಯಾಗ ಬಸ್ಸು ಹಿಡೀಬೇಕಲ್ಲ."

ಆಕೆ ನನ್ನ ಹಿಂದೆ ನಿಂತವರ ಕಡೆ ನೋಡಿದಳು. ಅರ್ಜಿ ಮಡಚಿ ಕಿಸೆಗಿಟ್ಟುಕೊಂಡು ಹೊರಗೆ ಬಂದೆ.

ಲೆಕ್ಕ ಬರೆಯುವುದು ನಮ್ಮ ಮನೆತನದ ಕಸುಬು. ಊರು ಬಿಟ್ಟು ಬೇರೆಯವರ ಲೆಕ್ಕ ಬರೆಯುವುದು ನಮ್ಮ ಮನೆತನದ ಹಣೆಬರಹ. ನಾನು ಪಣಜಿಯ ಒಂದು ಔಷಧ ಕಂಪನಿಯ ಲೆಕ್ಕಪತ್ರ ನೋಡುತ್ತೇನೆ. ಹೆಂಡತಿ ಇರುವುದು ಬೆಳಗಾವಿಯ ಫ್ಲ್ಯಾಟಿನಲ್ಲಿ, ಅವ್ವ ಇರುವುದು ಖಾನಾಪುರದ ಹಂಚಿನ ಮನೆಯಲ್ಲಿ. ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟಿನ ಪ್ರತಿಯೊಂದು ತಿರುವೂ ನನ್ನ ಹೊಟ್ಟೆಗೆ ಬಾಯಿಪಾಠ.

ಮಗ ನನಗಿಂತ ಒಂದು ಹೆಜ್ಜೆ ಮುಂದೆ. ನಾನು ಎರಡು ರಾಜ್ಯಗಳ ನಡುವೆ ಜೋಲಿ ಹೊಡೆದರೆ ಅವನು ಎರಡು ದೇಶಗಳ ನಡುವೆ ಹೊಡೆಯುತ್ತಾನೆ, ಅದೂ ಎರಡರಲ್ಲಿ ಒಂದೂ ನಮ್ಮದಲ್ಲ. ಕೆನಡಾದಲ್ಲಿ ಅವನಿಗೆ ಪಿಆರ್ ಇದೆ, ಅಂದರೆ ಖಾಯಂ ನಿವಾಸಿ. ನೌಕರಿ ಮಾತ್ರ ದುಬೈಯಲ್ಲಿ. ಖಾಯಂ ನಿವಾಸಿಯಾಗಿ ಉಳಿಯಬೇಕಾದರೆ ಐದು ವರ್ಷದಲ್ಲಿ 730 ದಿನ ಕೆನಡಾದ ನೆಲದ ಮೇಲೆ ಇರಬೇಕು. ಇವನು ಇದ್ದದ್ದು 497. ಬಾಕಿ 233. ದುಬೈ ಕಂಪನಿ ಕೊಡುವ ರಜೆ ವರ್ಷಕ್ಕೆ 30 ದಿನ. ಅಷ್ಟನ್ನೂ ಟೊರಾಂಟೋಗೆ ಸುರಿದರೂ ಬಾಕಿ ತೀರಲು ಸುಮಾರು ಎಂಟು ವರ್ಷ ಬೇಕು. ಕಾರ್ಡಿನ ಆಯುಷ್ಯವೇ ಐದು ವರ್ಷ. ಮೇಲಾಗಿ ಲೆಕ್ಕ ಯಾವಾಗಲೂ ಹಿಂದಿನ ಐದು ವರ್ಷದ್ದು, ಮುಂದೆ ಸರಿದಂತೆ ಹಳೆಯ ದಿನಗಳು ಉದುರುತ್ತಾ ಹೋಗುತ್ತವೆ. ತೂತು ಕೊಡದಲ್ಲಿ ನೀರು ಹೊತ್ತಂತೆ. ಅತ್ತ ಆರು ತಿಂಗಳು ಹೊರಗಿದ್ದರೆ ದುಬೈ ವೀಸಾ ಹೋಗುತ್ತದೆ. ಇತ್ತ ನಮ್ಮ ಆದಾಯ ತೆರಿಗೆಯವರದು ಇನ್ನೊಂದು ಸಂಖ್ಯೆ, 182. ಮೂರು ಸರಕಾರಗಳು ಕೂಡಿ ನನ್ನ ಮಗನ ಹಾಜರಿ ತೆಗೆಯುತ್ತಿವೆ. ಶಾಲೆಯಲ್ಲಿದ್ದಾಗ ಒಬ್ಬ ಮಾಸ್ತರರಿಗೂ ಇದು ಸಾಧ್ಯವಾಗಿರಲಿಲ್ಲ.

ಇದನ್ನೆಲ್ಲ ಅವ್ವನಿಗೆ ವಿಡಿಯೋ ಕಾಲಿನಲ್ಲಿ ಅವನೇ ವಿವರಿಸಿದ. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಖಾಯಂ ಅಂದ್ರ ಐದು ವರ್ಷದ್ದೇನೋ ತಮ್ಮಾ? ನಮ್ಮ ಮನಿ ಹಂಚು ಹಾಕಿ ನಲವತ್ತು ವರ್ಷಾತು. ಅದನ್ನೂ ನಾವು ಖಾಯಂ ಅನ್ನಂಗಿಲ್ಲ. ಮಳಿಗಾಲ ಬರೂದರಾಗ ಕೈಯಾಡಸ್ತೀವಿ."

"ಇದೂ ಹಂಗ ಆಯಿ. ಐದು ವರ್ಷಕ್ಕೊಮ್ಮೆ ಕೈಯಾಡಿಸಬೇಕು."

"ಆತು. ಖಾನಾಪುರಕ್ಕ ಬಂದ ದಿನ ಯಾವ ಲೆಕ್ಕಕ್ಕ ಹಚ್ಚತೀಪಾ?"

ಅವನಿಗೆ ಉತ್ತರ ಹೊಳೆಯಲಿಲ್ಲ. ನೆಟ್‌ವರ್ಕ್ ಹೋಯಿತೆಂದು ಹೇಳಿ ಫೋನ್ ಇಟ್ಟ. ನಮ್ಮ ಕಾಡಿನ ತಾಲೂಕಿನಲ್ಲಿ ನೆಟ್‌ವರ್ಕ್ ಹೋಗುವುದನ್ನು ಯಾರೂ ಅನುಮಾನಿಸುವುದಿಲ್ಲ.

ಅವ್ವನಿಗೆ ಇದು ಹೊಸ ಕತೆಯೇನಲ್ಲ. ಈ ಮನೆಗೆ ಸೊಸೆಯಾಗಿ ಬಂದಾಗಲೇ ಪರದೇಶದ ನೌಕರನ ಕತೆ ಕೇಳಿದ್ದಳು. ನನ್ನ ಅಜ್ಜ ಮಡಗಾವಿಯ ಒಂದು ಕಟ್ಟಿಗೆ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುತ್ತಿದ್ದ. ಆಗ ಗೋವಾ ಪೋರ್ಚುಗೀಸರದು. ಖಾನಾಪುರದಲ್ಲಿ ರೈಲು ಹತ್ತಿ, ಲೋಂಡಾ ದಾಟಿ, ಕ್ಯಾಸಲ್‌ರಾಕಿನಲ್ಲಿ ಕಸ್ಟಮ್ಸಿನವರಿಗೆ ಗಂಟು ಬಿಚ್ಚಿ ತೋರಿಸಿದರೆ ಮುಂದೆ ಪರದೇಶ. ಇಲ್ಲಿ ರೂಪಾಯಿ, ಅಲ್ಲಿ ರುಪಿಯಾ. ಹೋಗುವಾಗ ಶೇಂಗಾ ಚಟ್ನಿ, ಬರುವಾಗ ತೆಂಗಿನಕಾಯಿ. ಇಪ್ಪತ್ತು ವರ್ಷ ಹೀಗೆ ಓಡಾಡಿದ. 1955ರಲ್ಲಿ ಗಡಿ ಬಿಗಿಯಾಗಿ ರೈಲು ನಿಂತಾಗ ಅಜ್ಜನ ವಿದೇಶಯಾತ್ರೆಯೂ ನಿಂತಿತು. 1961ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನೆರೆದ ಸೈನ್ಯ ಘಾಟಿಯತ್ತ ಹೊರಟಿತು. 19ನೇ ತಾರೀಖಿಗೆ ಗೋವಾ ನಮ್ಮದಾಯಿತು. ಎರಡು ದಿನದಲ್ಲಿ ಪರದೇಶ ಪಕ್ಕದೂರಾಯಿತು. ಅಜ್ಜಿ ಮಾತ್ರ, "ಅವರು ಒಬ್ಬರ ಹೋಗಿ ಬರ್ತಿದ್ದ ದಾರಿಗೆ ಇಷ್ಟು ಮಂದಿ ಯಾಕ ಬೇಕಾತೋ" ಎಂದಳಂತೆ.

ಈ ಅಜ್ಜಿಯ ಮೇಲೆ ನನಗೊಂದು ತಕರಾರಿದೆ. ಪಣಜಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲೀಕರು ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿದ್ದಾರೆ. 1961ರ ಡಿಸೆಂಬರ್ 19ಕ್ಕೆ ಮೊದಲು ಗೋವಾದಲ್ಲಿ ಹುಟ್ಟಿದವರನ್ನು ಪೋರ್ಚುಗಲ್ ತನ್ನ ಪ್ರಜೆಗಳ ಲೆಕ್ಕಕ್ಕೇ ಹಿಡಿಯುತ್ತದೆ. ಅವರ ಮಕ್ಕಳು ಮೊಮ್ಮಕ್ಕಳಿಗೂ ಆ ದಾರಿ ತೆರೆದಿದೆ. ಮಾಲೀಕರು ಅದೇ ದಾರಿ ಹಿಡಿದು ಲಿಸ್ಬನ್ ನೋಡದೆಯೇ ಪೋರ್ಚುಗೀಸರಾಗಿ, ಇಂಗ್ಲೆಂಡಿಗೆ ಹೋಗಿ ನೆಲೆಸಿದರು. ನನ್ನ ಅಪ್ಪನೂ ಮಡಗಾವಿಯಲ್ಲಿ ಹುಟ್ಟಬಹುದಿತ್ತು. ಅಜ್ಜ ಅಲ್ಲಿ ಕೋಣೆ ಹಿಡಿದು ಅಜ್ಜಿಯನ್ನು ಕರೆದೊಯ್ದಿದ್ದ. ಏಳು ತಿಂಗಳು ತುಂಬುತ್ತಲೇ ಅಜ್ಜಿ, "ಚೊಚ್ಚಲ ಬಾಣಂತನ ತವರಿನ್ಯಾಗ ಆಗಬೇಕು" ಎಂದು ಹಟ ಹಿಡಿದು ನಂದಗಡಕ್ಕೆ ಬಂದುಬಿಟ್ಟಳು. ಆ ಒಂದು ಬಾಣಂತನದಲ್ಲಿ ನಮ್ಮ ಮನೆತನ ಯುರೋಪನ್ನು ಕಳೆದುಕೊಂಡಿತು. ಅಂಟಿನುಂಡೆ ಮಾತ್ರ ಬಹಳ ಚೆನ್ನಾಗಿತ್ತಂತೆ.

ನಮ್ಮದೇನು ಮಹಾ ಎಂದು ಒಮ್ಮೊಮ್ಮೆ ಸಮಾಧಾನ ಮಾಡಿಕೊಳ್ಳುತ್ತೇನೆ. ಈ ತಾಲೂಕಿನ ಗುಣವೇ ಇದು. ಗೋವೆಯ ಕದಂಬ ಅರಸರು ಸಮುದ್ರದ ಕಡೆ ಕೊಂಕಣ 900, ಘಟ್ಟದ ಮೇಲೆ ಹಲಸಿಗೆ 12000 ಎಂದು ಎರಡನ್ನೂ ಆಳಿದರು. ಆ ಹಲಸಿಗೆಯೇ ನಮ್ಮ ಖಾನಾಪುರ ತಾಲೂಕಿನ ಹಲಸಿ. ಅವರಿಗೆ ಕೆವೈಸಿ ಇರಲಿಲ್ಲ, ಬದುಕಿಕೊಂಡರು. ಈಗ ಗೋವಾ ಸರಕಾರಿ ಬಸ್ಸಿನ ಮೇಲೆ ಕದಂಬ ಎಂದು ಬರೆದಿರುತ್ತದೆ. ಸೋಮವಾರ ನಸುಕಿನಲ್ಲಿ ಅದರ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಾ ನಾನೂ ಘಟ್ಟ ಇಳಿಯುತ್ತೇನೆ.

ಇನ್ನು ಹೊಳೆಗಳು. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರ ಹಾದು, ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಊರ ಸಂಬಂಧದಲ್ಲೇ ಕೊಟ್ಟ ಮಗಳು. ಮಹದಾಯಿ ಇದೇ ತಾಲೂಕಿನ ಕಾಡಿನಲ್ಲಿ ಹುಟ್ಟಿಯೂ ಪಡುವಣಕ್ಕೆ ತಿರುಗಿ, ಗೋವಾದಲ್ಲಿ ಮಾಂಡೋವಿ ಎಂದು ಹೆಸರು ಬದಲಿಸಿಕೊಂಡು, ಪಣಜಿಯಲ್ಲಿ ಕ್ಯಾಸಿನೋ ಹಡಗು ಹೊರುವ ನೌಕರಿ ಮಾಡುತ್ತಾಳೆ. ಆಕೆಯ ಸಂಬಳದಲ್ಲಿ ತವರಿಗೆ ಎಷ್ಟು ಪಾಲು ಎಂಬ ವ್ಯಾಜ್ಯಕ್ಕೆ 2010ರಲ್ಲಿ ನ್ಯಾಯಮಂಡಳಿಯೇ ಆಯಿತು. 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪೂ ಬಂತು. ಜಗಳ ಮುಗಿದಿಲ್ಲ. ಮನೆಯ ದುಡಿಯುವ ಮಗಳ ವಿಷಯದಲ್ಲಿ ಎಲ್ಲ ಕಡೆಯೂ ಹೀಗೇ.

ಸರಕಾರದ್ದೂ ಎರಡು ವಿಳಾಸವೇ. ಬೆಳಗಾವಿಯ ಸುವರ್ಣ ವಿಧಾನಸೌಧವನ್ನು 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ನೌಕರಿ ಬೆಂಗಳೂರಿನಲ್ಲಿ, ಚಳಿಗಾಲಕ್ಕೊಮ್ಮೆ ಹತ್ತು ದಿನದ ಆಸುಪಾಸು ಬೆಳಗಾವಿಯಲ್ಲಿ ಹಾಜರಿ. ಕುಂದಾ ಕಟ್ಟಿಸಿಕೊಂಡು ವಾಪಸು. ಮಗನ ಲೆಕ್ಕದ ಪ್ರಕಾರ ಹಾಕಿ ನೋಡಿದೆ: ಐದು ವರ್ಷಕ್ಕೆ 50 ದಿನ, ಬಾಕಿ 680. ಕೆನಡಾದ ಅಧಿಕಾರಿಗಳ ಕೈಗೆ ಕಡತ ಸಿಕ್ಕರೆ ಕರ್ನಾಟಕ ಸರಕಾರದ ಬೆಳಗಾವಿ ಪಿಆರ್ ರದ್ದಾಗುವುದು ಖಂಡಿತ.

ನನ್ನದೂ ರದ್ದಾಗಬಹುದೇ ಎಂಬ ಅಂಜಿಕೆ ಹುಟ್ಟಿತು. ನನ್ನ ಮತ ಖಾನಾಪುರದಲ್ಲಿದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಮು ತೆಗೆದು ಓದಿದೆ. ಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿಯ ನಿವಾಸಿಯಾಗುವುದಿಲ್ಲ ಎಂದಿತ್ತು. ಬೆವರಿದೆ. ತಾತ್ಕಾಲಿಕವಾಗಿ ಮನೆ ಬಿಟ್ಟಿದ್ದಾನೆ ಎಂದ ಮಾತ್ರಕ್ಕೆ ನಿವಾಸಿತನ ಹೋಗುವುದೂ ಇಲ್ಲ ಎಂದು ಮುಂದೆ ಇತ್ತು. ಚಹಾ ಕುಡಿದೆ. ಹತ್ತೊಂಬತ್ತು ವರ್ಷದಿಂದ ನಾನು ತಾತ್ಕಾಲಿಕವಾಗಿ ಪಣಜಿಯಲ್ಲಿದ್ದೇನೆ. ಅಲ್ಲಿಯವರು ಇವತ್ತಿಗೂ ನನ್ನನ್ನು "ಘಾಟಿ" ಎನ್ನುತ್ತಾರೆ, ಅಂದರೆ ಘಟ್ಟದ ಮೇಲಿನವನು. ಬೈಗುಳವೆಂದು ಕೆಲವರು ಸಿಟ್ಟಾಗುತ್ತಾರೆ. ನಾನು ಅದನ್ನು ರಹವಾಸಿ ದಾಖಲೆ ಎಂದುಕೊಂಡು ಸುಮ್ಮನಿದ್ದೇನೆ.

ಮುಂದಿನ ಶನಿವಾರ ಖಾನಾಪುರದ ಮನೆಯ ಜಗಲಿಯಲ್ಲಿ ಕೂತು ಅರ್ಜಿ ಬಿಚ್ಚಿದೆ. ಖಾಯಂ ವಿಳಾಸದ ಖಾನೆಯಲ್ಲಿ ಖಾನಾಪುರ ಎಂದು ಬರೆದೇಬಿಟ್ಟೆ. ಕೆಳಗೆ ಸಣ್ಣ ಅಕ್ಷರದಲ್ಲಿ, ವಿಳಾಸದ ಪುರಾವೆ ಲಗತ್ತಿಸಿ ಎಂದಿತ್ತು. ನನ್ನ ಆಧಾರ್ ಬೆಳಗಾವಿಯ ಫ್ಲ್ಯಾಟಿನದು. ಅವ್ವನ ಟ್ರಂಕು ತೆಗೆದು ಹುಡುಕಿದಾಗ ಖಾನಾಪುರದ ಮನೆಗೆಂದು ಸಿಕ್ಕಿದ್ದು ಒಂದೇ ಕಾಗದ, ಹೋದ ತಿಂಗಳ ಕರೆಂಟ್ ಬಿಲ್ಲು. ಅದರ ಮೇಲಿನ ಹೆಸರು ಅಜ್ಜನದು. ಬದಲಿಸಬೇಕು ಬದಲಿಸಬೇಕು ಎನ್ನುತ್ತಾ ಅಪ್ಪನ ಕಾಲ ಮುಗಿದು ನನ್ನ ಕಾಲವೂ ಅರ್ಧ ಮುಗಿದಿದೆ.

ದಾಖಲೆ ಪ್ರಕಾರ ನಮ್ಮ ಮನೆತನದ ಖಾಯಂ ನಿವಾಸಿ ಅವನೊಬ್ಬನೇ. ಅರ್ಧ ಆಯುಷ್ಯ ಪರದೇಶದಲ್ಲಿ ದುಡಿದು, 1979ರಲ್ಲಿ ತೀರಿಕೊಂಡ. ಬಿಲ್ಲು ಇಂದಿಗೂ ತಪ್ಪದೆ ಅವನ ಹೆಸರಿಗೇ ಬರುತ್ತದೆ. ಕಟ್ಟುವವನು ನಾನು.