ಕಾಣೆಯಾದ ಮುನ್ನುಡಿ

ಪರರ ಗ್ರಂಥಗಳಿಗೆ ಮುನ್ನುಡಿ ಬರೆಯುವುದನ್ನೇ ನಿವೃತ್ತಿಜೀವನದ ಪ್ರಧಾನ ಕಾಯಕವನ್ನಾಗಿ ಮಾಡಿಕೊಂಡಿರುವ ನಮ್ಮ ನೆರೆಮನೆಯ ರಾಯರು, ವೃದ್ಧಕವಿಯೊಬ್ಬರ ಅಭಿನಂದನ ಗ್ರಂಥಕ್ಕೆಂದು ತಾವು ಬರೆದುಕೊಟ್ಟಿದ್ದ ಕರಡನ್ನು ಸಂಪಾದಕರು ಅಕ್ಷರ ಜೋಡಿಸಿ ಇ-ಮೇಲಿಗೆ ಲಗತ್ತಿಸಿ ಕಳುಹಿಸಿದಂದಿನಿಂದ, ಅದನ್ನು ಪತ್ರದಿಂದಲೇ ನೇರವಾಗಿ ತೆರೆದು, ವಿಶೇಷಣಗಳನ್ನು ಏರಿಸಿಯೂ ಇಳಿಸಿಯೂ ನೋಡಿ, ಸಾಯಂಕಾಲದ ಕಾಫಿಯಿಂದ ರಾತ್ರಿಯ ಊಟದವರೆಗೆ ಶ್ರದ್ಧೆಯಿಂದ ತಿದ್ದುತ್ತಿದ್ದರು. ತಿದ್ದಿ ಮುಗಿದೊಡನೆ ‘ಸೇವ್’ ಒತ್ತುವುದನ್ನು ಅವರು ಎಂದೂ ತಪ್ಪಿಸಿದವರಲ್ಲ. ಎಲ್ಲಿ ಇಡಲಿ ಎಂದು ಯಂತ್ರ ಕೇಳಿದಾಗಲೆಲ್ಲ, ಅದು ತಾನಾಗಿ ತೋರಿಸಿದ ಸ್ಥಳಕ್ಕೇ ಸಂತೋಷದಿಂದ ಸಮ್ಮತಿಯಿತ್ತು ಏಳುತ್ತಿದ್ದರು. ಆದರೂ ಮರುದಿನ ಅದೇ ಪತ್ರದ ಅದೇ ಲಗತ್ತನ್ನು ತೆರೆದರೆ, ಹಿಂದಿನ ದಿನ ಕಿತ್ತೊಗೆದಿದ್ದ ‘ನಿಸ್ಸಂದೇಹವಾಗಿ’ ಎಂಬ ಪದ ಮೂರನೆಯ ಸಾಲಿನಲ್ಲಿ ನಿಸ್ಸಂದೇಹವಾಗಿ ಕುಳಿತಿರುತ್ತಿತ್ತು.

ರಾಯರು ಇದರಲ್ಲಿ ಮನುಷ್ಯಪ್ರಯತ್ನವನ್ನು ಶಂಕಿಸಿದರು. ಸಂಪಾದಕ ಅವರ ಹಳೆಯ ಶಿಷ್ಯ. “ಏನಯ್ಯಾ, ನನ್ನ ಬರೆಹಕ್ಕೆ ಕೈ ಹಾಕುವಷ್ಟು ದೊಡ್ಡವನಾದೆಯೋ?” ಎಂದು ಫೋನಿನಲ್ಲಿ ಗರ್ಜಿಸಿದರೆ, ಆ ಬಡಪಾಯಿ, “ಸಾರ್, ನಾನು ಮುಟ್ಟಿಯೇ ಇಲ್ಲ. ನೀವು ತಿದ್ದಿ ಕಳಿಸಿದರಲ್ಲವೇ ಸಾರ್ ಮುಟ್ಟುವುದು?” ಎಂದನಂತೆ. ಈ ಉತ್ತರದಲ್ಲಿದ್ದ ತರ್ಕಶುದ್ಧಿ ರಾಯರನ್ನು ಇನ್ನಷ್ಟು ಕೆರಳಿಸಿತು. ಕಂಪ್ಯೂಟರು ಬಲ್ಲವನೆಂಬ ಅಪವಾದವೊಂದು ಬಡಾವಣೆಯಲ್ಲಿ ನನ್ನ ಮೇಲಿರುವುದರಿಂದ, ನನಗೆ ಬುಲಾವ್ ಬಂತು.

ಲಗತ್ತಿನ ಸ್ವಭಾವವನ್ನು ರಾಯರಿಗೆ ಮನಗಾಣಿಸುವುದು ಸುಲಭವಾಗಲಿಲ್ಲ. ನತಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬಿಬ್ಬರು 1992ರ ಜೂನ್ ತಿಂಗಳಲ್ಲಿ ‘ಮೈಮ್’ ಎಂಬ ನಿಯಮಾವಳಿಯನ್ನು ಪ್ರಕಟಿಸಿದಂದಿನಿಂದ, ಚಿತ್ರವಾಗಲಿ ಮುನ್ನುಡಿಯಾಗಲಿ, ಸಾಮಾನ್ಯ ಅಕ್ಷರಗಳ ವೇಷ ತೊಟ್ಟು ಪತ್ರದ ಒಡಲೊಳಗೇ ಪ್ರಯಾಣ ಮಾಡುತ್ತದೆ. ಈ ವೇಷದಲ್ಲಿ ಪ್ರತಿ ಮೂರು ಬೈಟುಗಳು ನಾಲ್ಕು ಅಕ್ಷರಗಳಾಗುವುದರಿಂದ ಮೂಲದ ಗಾತ್ರ ಮೂರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ. (ಮುನ್ನುಡಿಯ ವಿಷಯದಲ್ಲಿ ಈ ಹಿಗ್ಗುವಿಕೆ ಪ್ರಯಾಣಕ್ಕೆ ಮೊದಲೇ ಆಗಿರುತ್ತದೆಂದು ನನಗೆ ತೋರಿತಾದರೂ, ರಾಯರ ಮುಂದೆ ಹೇಳುವ ಧೈರ್ಯವಾಗಲಿಲ್ಲ.) ನಾವು ಕ್ಲಿಕ್ಕಿಸಿದಾಗ ತೆರೆದುಕೊಳ್ಳುವುದು ಅದರದೊಂದು ತಾತ್ಕಾಲಿಕ ಪ್ರತಿ ಮಾತ್ರ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಪಡೆದ ನಕಲಿನ ಮೇಲೆ ನಾವು ಎಷ್ಟೇ ಗೀಚಿದರೂ ಅಲ್ಲಿಯ ಮೂಲಪತ್ರದಲ್ಲಿ ನಮ್ಮ ಹೊಲ ಒಂದು ಗುಂಟೆಯೂ ಬೆಳೆಯುವುದಿಲ್ಲವಷ್ಟೆ. “ಹಾಗಾದರೆ ನಾನು ಗೀಚಿದ ನಕಲೆಲ್ಲಿ?” ಎಂದರು ರಾಯರು. ನ್ಯಾಯವಾದ ಪ್ರಶ್ನೆ.

ಮೊದಲು ಸಾಧಾರಣ ಉಪಾಯಗಳನ್ನು ನೋಡಿದೆ. ವರ್ಡ್ ತಂತ್ರಾಂಶ ತಿದ್ದುತ್ತಿರುವ ಕಡತವನ್ನು ಹತ್ತು ನಿಮಿಷಕ್ಕೊಮ್ಮೆ ಗುಟ್ಟಾಗಿ ನಕಲು ಮಾಡಿಟ್ಟುಕೊಳ್ಳುವುದುಂಟು. ಉಳಿಸದೆಯೇ ಮುಚ್ಚಿದವರ ಕರಡನ್ನು ನಾಲ್ಕು ದಿನ ಕಾಪಾಡುವುದೂ ಉಂಟು. ಆದರೆ ಈ ಕರುಣೆಯೆಲ್ಲ ‘ಸೇವ್’ ಒತ್ತದ ಪ್ರಮತ್ತರಿಗೆ ಮೀಸಲು; ರಾಯರಂತೆ ಒತ್ತಿಯೇ ಎದ್ದ ಕರ್ತವ್ಯನಿಷ್ಠರಿಗೆ ಅಲ್ಲಿ ಕವಡೆಯಷ್ಟೂ ದೊರೆಯದು. ಕವಿಗಳ ಹೆಸರನ್ನು ಟೈಪಿಸಿ ಯಂತ್ರದ ತುಂಬ ಹುಡುಕಿಸಿದರೆ ಆ ಹೆಸರಿನವರು ಈ ಲೋಕದಲ್ಲಿಯೇ ಇಲ್ಲವೆಂಬ ಉತ್ತರ ಬಂತು. ಗುಪ್ತಸ್ಥಳಗಳೊಳಕ್ಕೆ ಯಂತ್ರದ ಶೋಧನೆ ಸಾಮಾನ್ಯವಾಗಿ ಇಳಿಯುವುದಿಲ್ಲ; ಅದು ಸಾಲದೆಂಬಂತೆ ಸಂಪಾದಕ ಅಕ್ಷರ ಜೋಡಿಸಿದ್ದುದು ಯೂನಿಕೋಡಿಗಿಂತ ಹಿಂದಿನ ನುಡಿ ಫಾಂಟಿನಲ್ಲಿ. ಆ ಪದ್ಧತಿಯಲ್ಲಿ ನಮ್ಮ ಕಣ್ಣಿಗೆ ಕನ್ನಡವಾಗಿ ತೋರುವುದು ಯಂತ್ರದ ಒಳಗಣ್ಣಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿರುವುದರಿಂದ, ಮಹಾಕವಿಯನ್ನು ಎದುರಿಗೆ ನಿಲ್ಲಿಸಿದರೂ ಅದಕ್ಕೆ ಗುರುತು ಸಿಗುವಂತಿರಲಿಲ್ಲ.

ರಾಯರು ಪತ್ರಗಳನ್ನು ಓದುವುದು ಔಟ್‌ಲುಕ್ಕಿನಲ್ಲಿ. ಅದು ತೆರೆದ ಲಗತ್ತುಗಳನ್ನಿಡಲು ‘ಕಂಟೆಂಟ್ ಡಾಟ್ ಔಟ್‌ಲುಕ್’ ಎಂಬ ಗುಪ್ತ ಫೋಲ್ಡರನ್ನೂ, ಅದರೊಳಗೆ ಅಂಕಿ ಅಕ್ಷರಗಳನ್ನು ಮನಬಂದಂತೆ ಬೆರಸಿದ ಎಂಟಕ್ಷರದ ಹೆಸರಿನ ಇನ್ನೊಂದನ್ನೂ ನಿರ್ಮಿಸಿಕೊಳ್ಳುತ್ತದೆ. ಅದರ ವಿಳಾಸ ರಿಜಿಸ್ಟ್ರಿಯಲ್ಲಿ, ಆಫೀಸಿನ ಆವೃತ್ತಿಸಂಖ್ಯೆಯ ಕೆಳಗೆ, ದಾಖಲಾಗಿರುತ್ತದೆ. 2007ರದಕ್ಕೆ 12, 2010ರದಕ್ಕೆ 14. ನಡುವಣ 13ನ್ನು ಅಶುಭವೆಂದು ಹಾರಿಸಿಬಿಟ್ಟಿದ್ದಾರೆ. ಈ ಸಂಗತಿ ಕೇಳಿದ ಮೇಲೆ, ರಾಹುಕಾಲದಲ್ಲಿ ಪೆನ್ನು ಮುಟ್ಟದ ರಾಯರಿಗೆ ಯಂತ್ರದ ಮೇಲೆ ಮೊದಲ ಬಾರಿಗೆ ಸ್ವಲ್ಪ ಗೌರವ ಹುಟ್ಟಿತು.

ಆದರೆ ರಿಜಿಸ್ಟ್ರಿಯ ಅರಣ್ಯವನ್ನು ಹೊಗದೆಯೇ ಅಲ್ಲಿಗೆ ಹೋಗುವ ಒಳದಾರಿಯೊಂದುಂಟು. ಅದೇ ಪತ್ರದ ಅದೇ ಲಗತ್ತನ್ನು ಮತ್ತೆ ತೆರೆದು ‘ಸೇವ್ ಆಸ್’ ಒತ್ತಿದೆ. ಎದ್ದುಬಂದ ಕಿಟಕಿ ಆ ಗುಪ್ತಸ್ಥಾನದ ಕಡೆಗೇ ತೆರೆದಿತ್ತು. ವಿಳಾಸವನ್ನು ನಕಲಿಸಿಕೊಂಡು ಒಳಹೊಕ್ಕೆವು. ಕೆಲಸವಾದೊಡನೆ ತನ್ನ ಪ್ರತಿಗಳನ್ನು ತಾನೇ ಅಳಿಸಿಹಾಕುವ ಸದಭ್ಯಾಸ ಈ ಅಂಚೆಯ ತಂತ್ರಾಂಶಕ್ಕೆ ಇದೆ. ಲಗತ್ತಿಗಿಂತ ಮೊದಲು ಪತ್ರವನ್ನೇ ಮುಚ್ಚಿಬಿಡುವವರ ಮನೆಯಲ್ಲಿ ಮಾತ್ರ ಅವು ಹಾಗೆಯೇ ಉಳಿದುಹೋಗುವುದುಂಟು. ರಾಯರು ಯಾವುದನ್ನೂ ಕ್ರಮವಾಗಿ ಮುಚ್ಚುವವರಲ್ಲ. ಆದಕಾರಣ ಅಲ್ಲಿ ವಿದ್ಯುತ್ ಬಿಲ್ಲುಗಳಿದ್ದುವು, ಸಕ್ಕರೆ ಪರೀಕ್ಷೆಯ ವರದಿಗಳಿದ್ದುವು, ಮುಹೂರ್ತ ಕಳೆದು ಈಗ ಮಕ್ಕಳೂ ಆಗಿರಬಹುದಾದ ದಂಪತಿಗಳ ಲಗ್ನಪತ್ರಿಕೆಗಳಿದ್ದುವು. ಒಂದೇ ಲಗ್ನಪತ್ರಿಕೆ, ತೆರೆದಷ್ಟು ಸಲವೂ ಆವರಣದಲ್ಲಿ 2, 3, 4 ಎಂಬ ಅಂಕಿ ಧರಿಸಿ, ಮದುವೆಗಿಂತ ದೀರ್ಘವಾಗಿ ಸಾಲುಗಟ್ಟಿತ್ತು. ಇವೆಲ್ಲದರ ನಡುವೆ, ಒಂದೊಂದು ಸಾಯಂಕಾಲದ್ದು ಒಂದೊಂದಾಗಿ, ರಾಯರ ಮುನ್ನುಡಿಗಳು ಅಕ್ಷತವಾಗಿ ಮಲಗಿದ್ದುವು.

ರಾಯರ ಕಣ್ಣು ತುಂಬಿ ಬಂತು. ನಾನು ತಾರೀಖಿನ ಕ್ರಮದಲ್ಲಿ ಒಂದೊಂದನ್ನೇ ತೆರೆದು ಓದಿದೆ. ಮೊದಲನೆಯದರಲ್ಲಿ ಕವಿಗಳು ‘ಯುಗಪ್ರವರ್ತಕ’ರಾಗಿದ್ದರು, ಮುಂದಿನದರಲ್ಲಿ ‘ಗಮನಾರ್ಹ’ರಾದರು, ಕಡೆಯದರಲ್ಲಿ ಅವರ ಕಾವ್ಯದ ಸುದ್ದಿಯೇ ಇಲ್ಲದೆ, ಅವರು ‘ಅಜಾತಶತ್ರು’ ಎಂದಷ್ಟೇ ಇತ್ತು. ನಡುವೆ ಒಂದು ದಿನ ರಾಯರ ಮೊಮ್ಮಗಳ ನಾಮಕರಣವಾಗಿದ್ದುದೂ, ಕವಿಗಳು ಅದಕ್ಕೆ ಬಾರದೆ ಹೋದುದೂ ನನಗೆ ಆಗ ನೆನಪಾಯಿತು. ರಾಯರು ಬಹಳ ಹೊತ್ತು ಗಲ್ಲಕ್ಕೆ ಕೈಯಿಟ್ಟು ಯೋಚಿಸಿ, ಸಾಹಿತ್ಯವಿಮರ್ಶೆಯಲ್ಲಿ ಮಧ್ಯಮಮಾರ್ಗವೇ ಲೇಸೆಂದು ‘ಗಮನಾರ್ಹ’ವನ್ನು ಆರಿಸಿ, ಸಂಪಾದಕನಿಗೆ ಕಳುಹಿಸಲು ಅಪ್ಪಣೆ ಕೊಟ್ಟರು.

ಕಳುಹಿಸಿದ ಮೇಲೆ, ಇಲ್ಲಿ ಬಿಟ್ಟದ್ದನ್ನು ‘ಡಿಸ್ಕ್ ಕ್ಲೀನಪ್’ ಯಾವ ಗಳಿಗೆಯಲ್ಲಾದರೂ ಗುಡಿಸಿಹಾಕಬಹುದಾದುದರಿಂದ, ಮಿಕ್ಕ ಪ್ರತಿಗಳನ್ನು ನಾನೇ ಅಳಿಸಿಬಿಡಲೇ ಎಂದು ಕೇಳಿದೆ.

“ಅಜಾತಶತ್ರು ಹೋದರೆ ಹೋಗಲಿ,” ಎಂದರು ರಾಯರು, ಕನ್ನಡಕ ಒರಸಿಕೊಳ್ಳುತ್ತ. “ಆ ಯುಗಪ್ರವರ್ತಕವನ್ನು ಮಾತ್ರ ಎಲ್ಲಿಯಾದರೂ ಭದ್ರವಾಗಿ ಎತ್ತಿಟ್ಟುಬಿಡಿ. ಅವರಿಗೂ ವಯಸ್ಸಾಯಿತು, ಶ್ರದ್ಧಾಂಜಲಿಗೆ ಬೇಕಾದೀತು.”